ಕಿಸೋ ಕಣಿವೆಯ ತ್ಸುಮಾಗೊ

ಜಪಾನ್ ದೇಶದ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಟೋಕಿಯೋ ನಗರದ ಜನಸಂದಣಿಯೂ, ಕಾರ್ಖಾನೆಗಳೂ, ವೇಗದ ರೈಲುಗಳೂ ನೆನಪಿಗೆ ಬರುವುವು. ಆದರೆ ಆ ದೇಶದ ಭೂಭಾಗದಲ್ಲಿ ಬಹುಪಾಲು ಬೆಟ್ಟಗಳೇ. ಆ ಬೆಟ್ಟಗಳ ಸಂದಿನಲ್ಲಿ ಚಿಕ್ಕ ಊರುಗಳು ಎಷ್ಟೋ ಇರುವುವು. ಅವುಗಳಲ್ಲಿ ಒಂದಾದ ತ್ಸುಮಾಗೊವಿನ ವೃತ್ತಾಂತವನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಜೀವನೋಪಾಯವೇ ಕೈಬಿಟ್ಟು ಹೋದ ಮೇಲೆ ಒಂದು ಊರು ತನ್ನನ್ನು ತಾನು ಹೇಗೆ ಉಳಿಸಿಕೊಂಡಿತು, ಅದಕ್ಕೆ ಯಾವ ಬೆಲೆಯನ್ನು ತೆರುತ್ತಿದೆ ಎಂಬುದೇ ಈ ವೃತ್ತಾಂತದ ತಿರುಳು.

ಹೊನ್‌ಶು ದ್ವೀಪದ ನಡುಭಾಗದಲ್ಲಿ ನಾಗಾನೊ ಪ್ರಾಂತ್ಯವಿದೆ. ಅದರ ನೈಋತ್ಯದಲ್ಲಿ ಕಿಸೋ ಎಂಬ ನದಿಯು ಎರಡು ಪರ್ವತಶ್ರೇಣಿಗಳ ಮಧ್ಯೆ ಇಕ್ಕಟ್ಟಾದ ಕಣಿವೆಯನ್ನು ಕೊರೆದುಕೊಂಡು ಹರಿಯುವುದು. ತ್ಸುಮಾಗೊ ಇರುವುದು ಈ ನದಿಯ ದಡದಲ್ಲಲ್ಲ. ಅದರ ಉಪನದಿಯೊಂದರ ಪಕ್ಕದಲ್ಲಿ, ಸಮುದ್ರಮಟ್ಟದಿಂದ ಸುಮಾರು ೧,೪೦೦ ಅಡಿ ಎತ್ತರದಲ್ಲಿ. ಸುತ್ತಲೂ ದಟ್ಟವಾದ ಕಾಡು. ಉಳುವುದಕ್ಕೆ ನೆಲ ಸ್ವಲ್ಪ. ಇಂಥ ಎಡೆಯಲ್ಲಿ ಊರು ಬೆಳೆದುದಕ್ಕೆ ಕಾರಣ ಒಂದು ರಸ್ತೆ.

ತೊಕುಗಾವ ಮನೆತನದ ಶೋಗುನರು ೧೭ನೆಯ ಶತಮಾನದ ಆರಂಭದಲ್ಲಿ ತಮ್ಮ ರಾಜಧಾನಿಯಾದ ಎದೋ, ಎಂದರೆ ಇಂದಿನ ಟೋಕಿಯೋ, ಮತ್ತು ಚಕ್ರವರ್ತಿಯ ನಗರವಾದ ಕಿಯೋಟೊ ಇವುಗಳ ನಡುವೆ ಬೆಟ್ಟಗಳ ಮೂಲಕ ಒಂದು ರಾಜಮಾರ್ಗವನ್ನು ವ್ಯವಸ್ಥೆಗೊಳಿಸಿದರು. ಅದಕ್ಕೆ ನಾಕಾಸೆಂದೊ ಎಂದು ಹೆಸರು. ಸುಮಾರು ೩೩೦ ಮೈಲಿಗಳ ಈ ಮಾರ್ಗದಲ್ಲಿ ೬೯ ಠಾಣ್ಯಗಳಿದ್ದುವು. ಎದೋ ಕಡೆಯಿಂದ ಎಣಿಸಿದರೆ ತ್ಸುಮಾಗೊ ೪೨ನೆಯದು. ಕಿಸೋ ಕಣಿವೆಯ ಪ್ರತಿಯೊಂದು ಠಾಣ್ಯವೂ ಸರ್ಕಾರದ ಕಾರ್ಯಕ್ಕಾಗಿ ೨೫ ಮಂದಿ ಆಳುಗಳನ್ನೂ ೨೫ ಕುದುರೆಗಳನ್ನೂ ಸಿದ್ಧವಾಗಿಟ್ಟಿರಬೇಕಾಗಿತ್ತು. ದೊಡ್ಡ ಪರಿವಾರ ಬಂದಾಗ ಇವು ಸಾಲದೆ ಹೋಗಲು, ಸುತ್ತಣ ಹಳ್ಳಿಗಳವರು ಹೊಲದ ಕೆಲಸವನ್ನು ಬಿಟ್ಟು ಬರಬೇಕಾಗುತ್ತಿತ್ತು. ೧೮೬೧ರಲ್ಲಿ ಶೋಗುನನ ಕೈಹಿಡಿಯಲು ಹೊರಟ ರಾಜಕುಮಾರಿ ಕಾಜುನೊಮಿಯಳ ಮೆರವಣಿಗೆಯು ಈ ದಾರಿಯಲ್ಲಿಯೇ ನಡೆಯಿತು.

ಊರಿನ ರಚನೆಯನ್ನು ನೋಡಿದರೆ ಅದರ ವೃತ್ತಿಯು ತಿಳಿಯುವುದು. ಬೀದಿ ಒಂದೇ, ಶತ್ರುಗಳು ನೇರವಾಗಿ ನುಗ್ಗಬಾರದೆಂದು ಅದನ್ನು ಒಂದೆಡೆ ಎರಡು ಬಾರಿ ತಿರುಗಿಸಿರುವರು. ದೊಡ್ಡ ಪ್ರಭುಗಳಿಗೆ ಹೊಂಜಿನ್ ಎಂಬ ಬಿಡಾರ, ಅದಕ್ಕೆ ಸಹಾಯಕವಾಗಿ ವಾಕಿಹೊಂಜಿನ್ ಎಂಬ ಇನ್ನೊಂದು. ಮಿಕ್ಕವು ಮರದ ಜಾಲರಿಗಳುಳ್ಳ ವಸತಿಗೃಹಗಳು. ಮೇಲಂತಸ್ತು ಬೀದಿಯ ಕಡೆಗೆ ಸ್ವಲ್ಪ ಮುಂಚಾಚಿರುವುದು. ಮರದ ಹಲಗೆಯ ಸೂರುಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಕಲ್ಲುಗಳನ್ನು ಹೇರುವುದು ಆ ಕಣಿವೆಯ ಹಳೆಯ ಪದ್ಧತಿ.

ಕಾಡಿನ ನಡುವೆ ಇದ್ದರೂ ಆ ಜನಕ್ಕೆ ಕಾಡು ಸ್ವಂತವಾಗಿರಲಿಲ್ಲ. ಹಿನೋಕಿ ಮೊದಲಾದ ಐದು ಜಾತಿಯ ಮರಗಳನ್ನು ಕಡಿಯಕೂಡದೆಂದು ಓವಾರಿ ಸಂಸ್ಥಾನದವರು ನಿಷೇಧಿಸಿದ್ದರು. ಒಂದು ಮರಕ್ಕೆ ಒಂದು ತಲೆ ಎಂಬ ಮಾತು ಇಂದಿಗೂ ಅಲ್ಲಿ ಪ್ರಚಾರದಲ್ಲಿದೆ. ೧೮೬೮ರಲ್ಲಿ ಶೋಗುನರ ಆಳಿಕೆ ಕೊನೆಗಂಡಾಗ ಕಾಡು ತಮಗೆ ದೊರೆಯುವುದೆಂದು ಜನರು ಆಶಿಸಿದರು. ಅದು ಸರ್ಕಾರದ ಸ್ವತ್ತಾಗಿ, ಮುಂದೆ ಅರಮನೆಯ ಅರಣ್ಯವಾಯಿತು. ಈ ಆಶಾಭಂಗವನ್ನು ಶಿಮಾಜಾಕಿ ತೋಸೊನ್ ಅವರು 'ಅರುಣೋದಯಕ್ಕೆ ಮುನ್ನ' ಎಂಬರ್ಥದ ಹೆಸರುಳ್ಳ ತಮ್ಮ ಕಾದಂಬರಿಯಲ್ಲಿ ಚಿತ್ರಿಸಿರುವರು. ಅವರು ೧೮೭೨ರಲ್ಲಿ ನೆರೆಯ ಠಾಣ್ಯವಾದ ಮಾಗೊಮೆಯಲ್ಲಿ ಜನಿಸಿದವರು. ತ್ಸುಮಾಗೊವಿನ ಹೊಂಜಿನ್ ಮನೆತನವು ಅವರ ತಾಯಿಯ ತವರು.

ಇನ್ನೊಂದು ಪೆಟ್ಟು ರೈಲಿನಿಂದ ಬಂದಿತು. ೧೯೧೧ರಲ್ಲಿ ಪೂರ್ಣವಾದ ರೈಲುಮಾರ್ಗವು ಕಿಸೋ ನದಿಯನ್ನೇ ಅನುಸರಿಸಿ ಹೋದುದರಿಂದ ತ್ಸುಮಾಗೊ ಪಕ್ಕಕ್ಕೆ ಉಳಿಯಿತು. ನಡೆದು ಬರುವ ಪ್ರಯಾಣಿಕರಿಲ್ಲದ ಮೇಲೆ ವಸತಿಗೃಹಗಳಿಗೆ ಕೆಲಸವೆಲ್ಲಿ? ಎರಡನೆಯ ಮಹಾಯುದ್ಧದ ತರುವಾಯ ತರುಣರು ಕೆಲಸವನ್ನು ಅರಸಿಕೊಂಡು ನಗರಗಳಿಗೆ ಹೊರಟರು. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣವು ಉಳಿದವರಲ್ಲಿರಲಿಲ್ಲ. ಹೀಗೆ ಬಡತನವೇ ಆ ಬೀದಿಯನ್ನು ಕಾಪಾಡಿತೆಂದರೆ ತಪ್ಪಾಗಲಾರದು.

೧೯೬೮ರಲ್ಲಿ ಪ್ರಾಂತ್ಯದ ನೆರವಿನಿಂದ ಮನೆಗಳ ಜೀರ್ಣೋದ್ಧಾರವು ಆರಂಭವಾಯಿತು. ವಾಸ್ತುಶಿಲ್ಪದ ಇತಿಹಾಸಜ್ಞರಾದ ಓತಾ ಹಿರೊತಾರೊ ಅವರು ಮಾರ್ಗದರ್ಶನ ಮಾಡಿದರು. ವಿದ್ಯುತ್ತಿನ ಕಂಬಗಳನ್ನು ಮನೆಗಳ ಹಿಂದಕ್ಕೆ ಸರಿಸಿದರು; ಹಗಲಿನಲ್ಲಿ ಮೋಟಾರುಗಳು ಬೀದಿಗೆ ಬಾರದಂತೆ ಮಾಡಿದರು. ೧೯೭೧ರಲ್ಲಿ ನಿವಾಸಿಗಳೆಲ್ಲರೂ ಸೇರಿ ಮೂರು ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರು: ಮಾರಕೂಡದು, ಬಾಡಿಗೆಗೆ ಕೊಡಕೂಡದು, ಕೆಡವಕೂಡದು. ೧೯೭೬ರಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿ ಮೊತ್ತಮೊದಲು ರಕ್ಷಣೆಗೆ ಆರಿಸಿಕೊಂಡ ಪ್ರದೇಶಗಳಲ್ಲಿ ಈ ಊರನ್ನೂ ಸೇರಿಸಿತು. ರಕ್ಷಣೆ ಬರಿಯ ಬೀದಿಗಲ್ಲ. ಸುತ್ತಣ ಕಾಡುಬೆಟ್ಟಗಳೂ ಸೇರಿ ೧,೨೦೦ ಹೆಕ್ಟೇರುಗಳನ್ನು ಮೀರಿದ ನೆಲಕ್ಕೆ.

ಇಂದು ದೇಶವಿದೇಶಗಳ ಯಾತ್ರಿಕರು ಮಾಗೊಮೆಯಿಂದ ಕಣಿವೆಮಾರ್ಗವನ್ನೇರಿ ಇಳಿದು, ಸುಮಾರು ೫ ಮೈಲಿ ನಡೆದು ಇಲ್ಲಿಗೆ ಬರುವರು. ಕರಡಿಗಳನ್ನು ದೂರವಿರಿಸಲು ದಾರಿಯುದ್ದಕ್ಕೂ ಗಂಟೆಗಳನ್ನು ತೂಗುಹಾಕಿರುವುದನ್ನು ಅವರು ಬಾರಿಸುತ್ತ ನಡೆಯುವರು. ೧೮೭೭ರಲ್ಲಿ ಹಿನೋಕಿಯಿಂದ ಪುನಃ ಕಟ್ಟಿದ ವಾಕಿಹೊಂಜಿನ್ ಮನೆಯಲ್ಲಿ ಒಲೆಯ ಹೊಗೆಯ ನಡುವೆ ಜಾಲರಿಯ ಬಿಸಿಲು ಗೆರೆಗೆರೆಯಾಗಿ ಬೀಳುವುದನ್ನು ಕಾಣುವರು. ಪ್ರತಿ ವರ್ಷ ನವೆಂಬರ್ ೨೩ರಂದು ಊರವರು ಹಳೆಯ ಕಾಲದ ಉಡುಪನ್ನು ತೊಟ್ಟು ಬೀದಿಯಲ್ಲಿ ಮೆರವಣಿಗೆ ನಡೆಸುವರು.

ಆದರೆ ಆ ಮೂರು ನಿಯಮಗಳ ಭಾರವನ್ನು ನಾವು ಮರೆಯಬಾರದು. ಹೊರಗಿನ ವರ್ತಕರಿಗೆ ಮನೆಯನ್ನು ಮಾರಿದರೆ ಬೀದಿಯು ಅಂಗಡಿಗಳ ಸಾಲಾಗುವುದು. ಮಾರದೆ ಇದ್ದರೆ, ಮಕ್ಕಳು ನಗರಗಳಲ್ಲಿ ನೆಲೆಸಿದ ಮೇಲೆ ಮುದುಕರ ಮನೆಯ ಬಾಗಿಲನ್ನು ತೆರೆಯುವವರಾರು? ತ್ಸುಮಾಗೊ ಸೇರಿರುವ ನಾಗಿಸೊ ಪಟ್ಟಣದ ಆಡಳಿತದಲ್ಲಿ ಈಗ ಇರುವವರೇ ಸುಮಾರು ೪,೦೦೦ ಮಂದಿ. ಮನೆಯು ಉಳಿಯಬೇಕಾದರೆ ಒಲೆಯು ಉರಿಯುತ್ತಿರಬೇಕು. ಸೂರು, ಗೋಡೆ, ಜಾಲರಿಗಳನ್ನು ಬಡಗಿಯು ಸರಿಪಡಿಸಬಲ್ಲನು. ಒಲೆಯ ಮುಂದೆ ಕುಳಿತುಕೊಳ್ಳುವವರನ್ನು ಅವನು ತಂದಾನೆ? ತ್ಸುಮಾಗೊವಿನವರು ತಮ್ಮ ಮಾತನ್ನು ಅರ್ಧ ಶತಮಾನಕ್ಕೂ ಮಿಕ್ಕು ಉಳಿಸಿಕೊಂಡು ಬಂದಿರುವರು. ಆ ಮಾತನ್ನು ಮುಂದೆ ನಡೆಸಲು ಮಕ್ಕಳು ಹಿಂತಿರುಗಿ ಬರಲೆಂದು ನಾವು ಹಾರೈಸುವೆವು.