ಹಂಚಿ ಕುಡಿಯುವ ಕಾಫಿ



ಒಂದು ನಾಡಿನ ಮನಸ್ಸನ್ನು ಅದರ ಗ್ರಂಥಗಳಲ್ಲಿ ಅರಸುವುದುಂಟು. ಅದರ ಬಟ್ಟಲಿನಲ್ಲಿಯೂ ಅರಸಬಹುದು. ಈ ಹೊತ್ತು ಕ್ಯೂಬ ದ್ವೀಪದವರ ಕಾಫಿಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇದನ್ನು ಮಾಡುವ ಕ್ರಮವೇ ಬೇರೆ. ಕಪ್ಪಗೆ ಹುರಿದ ಬೀಜದ ನುಣ್ಣನೆಯ ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸುತ್ತಾರೆ. ಇದಕ್ಕೆ ಅಂಗಡಿಗಳಲ್ಲಿ ಯಂತ್ರವುಂಟು. ಮನೆಗಳಲ್ಲಿ ಒಲೆಯ ಮೇಲಿಡುವ ಇಟಲಿಯ ಮಾದರಿಯ ಪಾತ್ರೆಯುಂಟು. ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ನಿನ ಕೆಲವೇ ಹನಿಗಳನ್ನು ಸಕ್ಕರೆಯ ಮೇಲೆ ಬಿಟ್ಟು, ಅದು ಬಿಳಿಚಿ ನೊರೆಯಾಗುವವರೆಗೆ ಚಮಚದಿಂದ ಕಡೆಯುತ್ತಾರೆ. ಉಳಿದ ಕಾಫಿಯನ್ನು ಅದರ ಮೇಲೆ ಸುರಿದೊಡನೆ ನೊರೆಯು ಮೇಲಕ್ಕೇಳುವುದು. ಅದಕ್ಕೆ ‘ಎಸ್ಪುಮಿತ’ ಎಂದು ಹೆಸರು. ಹಾಲಿನ ಸೋಂಕಿಲ್ಲ.

ಈ ಸಿಹಿಯ ಹಿಂದೆ ಕಹಿಯಾದ ಚರಿತ್ರೆಯೊಂದಿದೆ. ಇಂದಿನ ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆಯೆದ್ದ ತರುವಾಯ, ಅಲ್ಲಿಂದ ಓಡಿಬಂದ ಫ್ರೆಂಚ್ ತೋಟಗಾರರು ಕ್ಯೂಬದ ಪೂರ್ವದ ಬೆಟ್ಟಗಳಲ್ಲಿ ಕಾಫಿಯ ಬೆಳೆಯನ್ನು ಹಬ್ಬಿಸಿದರು. ಕಾಫಿಯ ತೋಟದಲ್ಲಿಯೂ ಕಬ್ಬಿನ ಗದ್ದೆಯಲ್ಲಿಯೂ ದುಡಿದವರು ಆಫ್ರಿಕದಿಂದ ತಂದ ಗುಲಾಮರು. ಗುಲಾಮಗಿರಿಯು ಆ ದ್ವೀಪದಿಂದ ತೊಲಗಿದುದು 1886ರಲ್ಲಿ. ಬಟ್ಟಲಿನೊಳಗಿನ ಎರಡು ಪದಾರ್ಥಗಳೂ ಬಹುಕಾಲ ಪರರ ಬೆವರಿನಿಂದಲೇ ಬಂದವು.

1959ರ ಕ್ರಾಂತಿಯಾದ ಮೇಲೆ ಲಕ್ಷಾಂತರ ಮಂದಿ ನಾಡನ್ನು ತೊರೆದರು. ಅವರಲ್ಲಿ ಬಹುಮಂದಿ ನೆಲಸಿದುದು ಅಮೆರಿಕದ ಮಯಾಮಿ ನಗರದಲ್ಲಿ. ಅಲ್ಲಿ ಬೀದಿಗೆ ತೆರೆದ ಕಿಟಕಿಗಳಲ್ಲಿ ಕಾಫಿಯನ್ನು ಮಾರುತ್ತಾರೆ. ‘ಕೊಲಾಡ’ ಬೇಕೆಂದರೆ ಒಂದು ಲೋಟದ ತುಂಬ ಕಾಫಿಯನ್ನೂ, ಅದರೊಡನೆ ಹೆಬ್ಬೆರಳಿನಷ್ಟು ಪುಟ್ಟ ಬಟ್ಟಲುಗಳನ್ನೂ ಕೊಡುತ್ತಾರೆ. ಕೊಂಡವನು ಜೊತೆಯವರಿಗೆಲ್ಲ ಹಂಚಬೇಕು. ನಮ್ಮ ಹೋಟೆಲುಗಳ ‘ಬೈ ಟು’ ನೆನಪಿಗೆ ಬಾರದಿರದು. ಆದರೆ ಬೈ ಟು ಎಂಬುದು ಒಬ್ಬನ ಪಾಲನ್ನು ಇಬ್ಬರಿಗೆ ಮಾಡುವುದು. ಕೊಲಾಡವಾದರೋ ಹಲವರಿಗೆಂದೇ ಹುಟ್ಟಿದುದು. ಕಿಟಕಿಯ ಮುಂದೆ ನಿಂತವರು ಕುಡಿಯುತ್ತ ರಾಜಕೀಯವನ್ನು ಚರ್ಚಿಸುತ್ತಾರೆ, ಬಿಟ್ಟುಬಂದ ಊರನ್ನು ನೆನೆಯುತ್ತಾರೆ.

ದ್ವೀಪದಲ್ಲಿಯೇ ಉಳಿದವರ ಪಾಡು ಬೇರೆ. ಅಲ್ಲಿ 1962ರಿಂದ ಪಡಿತರದ ಪುಸ್ತಕ ಬಂದಿತು. ಕಾಫಿಯೂ ಅದರಲ್ಲಿ ಸೇರಿತು. 2011ರಲ್ಲಿ ಪಡಿತರದ ಪುಡಿಗೆ ಹುರಿದ ಬಟಾಣಿಯನ್ನು ಮರಳಿ ಬೆರೆಸತೊಡಗಿದರು. ಚಿಕೋರಿಯನ್ನು ರುಚಿಗೆಂದೇ ಬೆರೆಸುವ ನಮಗೆ ಇದು ವಿಚಿತ್ರವೆನಿಸದಿರಬಹುದು. ಆದರೆ ಅವರದು ರುಚಿಯಲ್ಲ, ಕೊರತೆ. ಹಾಗಿದ್ದರೂ ಬಂದವರಿಗೆ ಕಾಫಿ ಕೊಡುವ ಮರ್ಯಾದೆ ಅಲ್ಲಿ ಅಳಿದಿಲ್ಲ.

ಕಡಲಿನ ಎರಡು ದಡಗಳಲ್ಲಿ ನಿಂತ ಈ ಬಂಧುಗಳನ್ನು ಮತಭೇದವು ಅಗಲಿಸಿದೆ. ಯಾರು ಸರಿ, ಯಾರು ತಪ್ಪೆಂಬುದು ಈ ಭಾಷಣದ ವಿಷಯವಲ್ಲ. ಇಷ್ಟು ಮಾತ್ರ ನಿಜ: ಎರಡು ದಡಗಳಲ್ಲಿಯೂ ಸಕ್ಕರೆಯನ್ನು ಕಡೆಯುವ ಕೈಯ ಅಭ್ಯಾಸ ಒಂದೇ.