ಮದುವೆ ಗೌನು: ಕೊಳ್ಳುವ ಮೊದಲು ಒಳಗೆ ತಿರುಗಿಸಿ ನೋಡಿ

(ಸ್ವ-ಸಹಾಯ ಸಂಘಗಳ ತರಬೇತಿ ದಿನದಂದು, ಹೊಲಿಗೆ ಕೆಲಸ ಮಾಡುವ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಭಾಷಣ ಮಾಡಿ ನನಗೆ ಅಭ್ಯಾಸ ಇಲ್ಲ, ನಾನು ಮೆಷಿನ್ ತುಳಿಯುವವಳು. ಮದುವೆ ಖರ್ಚಿನ ಬಗ್ಗೆ ಮಾತಾಡು ಅಂದರು. ಊಟದ ಖರ್ಚು, ಚಿನ್ನದ ಖರ್ಚು ನನಗೆ ಗೊತ್ತಿಲ್ಲ. ಬಟ್ಟೆ ಗೊತ್ತು. ಅದರಲ್ಲೂ ಬಿಳಿ ಗೌನಿನ ವಿಷಯ ಹೇಳ್ತೇನೆ. ಕ್ರೈಸ್ತರಲ್ಲದ ಸಹೋದರಿಯರು "ನಮಗೇನು ಇದು" ಅನ್ನಬೇಡಿ. ರಿಸೆಪ್ಷನ್‌ಗೆ ಗೌನ್ ಹಾಕುವುದು ಈಗ ಎಲ್ಲರಲ್ಲೂ ಬಂದಿದೆ. ಹೊಲಿಗೆ ಕಲಿತವರಿಗಂತೂ ಇದು ಕೈಗೆ ಬರುವ ಕೆಲಸ.

ನಮ್ಮ ಸಂಘದಲ್ಲಿ ಒಬ್ಬ ತಾಯಿ ಮಗಳ ಗೌನಿಗೆಂದೇ ಸಾಲ ತೆಗೆದರು. ಕಾರಣ ಏನೆಂದರೆ, ಪೇಟೆಯಲ್ಲಿ ನೋಡಿದ ಕಡಿಮೆ ಬೆಲೆಯ ಗೌನ್‌ಗಳಿಗೆಲ್ಲ ತೋಳೇ ಇರಲಿಲ್ಲ. ಹುಡುಗಿಗೆ ಬರಿ ಭುಜದಲ್ಲಿ ಪೀಠದ ಮುಂದೆ ನಿಲ್ಲಲು ಮನಸ್ಸಿಲ್ಲ. ಚರ್ಚಿನಲ್ಲೂ ಭುಜ ಮುಚ್ಚಿರಲಿ ಎಂದು ಹೇಳಿದ್ದರು. ತೋಳಿರುವ ಗೌನಿಗೆ ಎರಡರಷ್ಟು ಬೆಲೆ. ಅದನ್ನೇ ತಂದರು. ಮಗಳು ಅದನ್ನು ಹಾಕಿದ್ದು ನಾಲ್ಕು ಗಂಟೆ, ತಾಯಿ ಕಂತು ಕಟ್ಟಿದ್ದು ಹತ್ತು ತಿಂಗಳು. ನನ್ನನ್ನು ಒಂದು ಮಾತು ಕೇಳಿದ್ದರೆ ತೋಳಿಲ್ಲದ ಗೌನಿಗೆ ನಾನೇ ತೋಳು ಇಟ್ಟುಕೊಡ್ತಿದ್ದೆ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮೊದಲು ಒಂದು ಮಾತು. ಬಿಳಿ ಗೌನೇ ಬೇಕು ಎಂದು ಚರ್ಚಿನ ಕಾನೂನಿನಲ್ಲಿ ಎಲ್ಲೂ ಇಲ್ಲ. 1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ನಿನಲ್ಲಿ ಮದುವೆಯಾದ ಮೇಲೆ ಅದು ಹೆಚ್ಚು ಹಬ್ಬಿದ ರೂಢಿ. ಅದಕ್ಕೂ ಮೊದಲು ಅಲ್ಲಿಯ ಹೆಣ್ಣುಮಕ್ಕಳು ಇರುವುದರಲ್ಲಿ ಒಳ್ಳೆಯ ಬಟ್ಟೆ ಯಾವ ಬಣ್ಣದ್ದಾದರೂ ಉಡುತ್ತಿದ್ದರು. ಆ ರಾಣಿಯೂ ತನ್ನ ಮದುವೆಯ ಲೇಸನ್ನು ಪೆಟ್ಟಿಗೆಯಲ್ಲಿ ಇಟ್ಟು ಬಿಡಲಿಲ್ಲ, ಆಮೇಲೆಯೂ ಬೇರೆ ಸಮಾರಂಭಗಳಿಗೆ ಬಳಸಿದಳು. ನಮ್ಮ ಮಂಗಳೂರು ಕಡೆ ಕೆಂಪು ಸಾಡೊ ಸೀರೆಗೆ ಇವತ್ತಿಗೂ ಮರ್ಯಾದೆ ಇದೆ. ಬಿಳಿ ಸೀರೆ ಉಟ್ಟು, ತಲೆಗೆ ನೆಟ್ ಹಾಕಿ ಮದುವೆಯಾದವರು ನಮ್ಮಲ್ಲೇ ಎಷ್ಟು ಜನ ಕೂತಿದ್ದೀರಿ! ಸೀರೆ ಸಾಕು ಅನ್ನುವ ಮಗಳಿದ್ದರೆ ಅಲ್ಲಿಗೇ ಬಿಡಿ. ಗೌನೇ ಬೇಕು ಅಂದರೆ ಬೈಯಬೇಡಿ, ಅವಳ ಆಸೆ ಅದು. ಆದರೆ ಬುದ್ಧಿ ಉಪಯೋಗಿಸಿ ತನ್ನಿ.

ಅಕ್ಕನ ಗೌನ್, ಚಿಕ್ಕಮ್ಮನ ಮಗಳ ಗೌನ್ ಎಲ್ಲಾದರೂ ಇದೆಯಾ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಪೇಟೆ, ಬೆಂಗಳೂರಿಗೆ ಹೋಗುವವರಿಗೆ ಕಮರ್ಷಿಯಲ್ ಸ್ಟ್ರೀಟ್ ಕಡೆ. ಎಲ್ಲಿಗೇ ಹೋಗಿ, ಮಣಿ, ಹೂವು, ಹೊಳಪು ನೋಡುವ ಮೊದಲು ಗೌನನ್ನು ಒಳಮೈ ತಿರುಗಿಸಿ ನೋಡಿ. ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಲೆಕ್ಕ ಹೀಗೆ. ಎಡ ಬಲ ಎರಡು ಪಕ್ಕ, ಪಕ್ಕಕ್ಕೆ ಎರಡು ಪದರ, ಒಟ್ಟು ನಾಲ್ಕು. ಪದರಕ್ಕೆ 1 ಇಂಚು ಮಾರ್ಜಿನ್ ಇದ್ದರೆ ಕಾಲಿಂಚು ಹೊಲಿಗೆಗೆ ಉಳಿಸಿ ಮುಕ್ಕಾಲು ಇಂಚು ಬಿಡಬಹುದು. ನಾಲ್ಕು ಕಡೆ ಸೇರಿ 3 ಇಂಚು ಅಗಲ ಸಿಕ್ಕಿತು! ಬರೀ ಕಾಲಿಂಚು ಇದ್ದರೆ ಏನೂ ಸಿಗಲ್ಲ, ಬಿಗಿಯಾದ ಗೌನ್ ಬಿಗಿಯಾಗಿಯೇ ಇರುತ್ತದೆ. ಲೈನಿಂಗಿನಲ್ಲೂ ಅಷ್ಟೇ ಬಟ್ಟೆ ಇರಬೇಕು, ಇಲ್ಲದಿದ್ದರೆ ಮೇಲೆ ಬಿಚ್ಚಿ ಪ್ರಯೋಜನವಿಲ್ಲ. ಸಂಶಯ ಇದ್ದರೆ ಒಂದು ಸೈಜ್ ದೊಡ್ಡದೇ ತನ್ನಿ. ಹಿಡಿಯುವುದು ಸುಲಭ, ಬಿಡುವುದು ಕಷ್ಟ. ಸ್ಯಾಟಿನ್ ಬಿಚ್ಚಿದರೆ ಹಳೇ ಸೂಜಿಯ ತೂತು ಸಾಲಾಗಿ ಕಾಣುತ್ತದೆ. ಅದರ ಮೇಲೆ ತೆಳು ಲೇಸ್ ಇಡಬೇಕಾಗುತ್ತದೆ.

ಇನ್ನು ತೋಳು. ಎಲ್ಲರೂ ತಪ್ಪುವುದು ಇಲ್ಲೇ. ಬಿಳಿ ಅಂದರೆ ಒಂದೇ ಬಿಳಿ ಅಲ್ಲ. ಹಾಲಿನ ಬಿಳಿ, ಕೆನೆ ಬಿಳಿ, ನೀಲಿ ಹಾಕಿದ ಬಿಳಿ, ಹೀಗೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಥರ ಕಂಡದ್ದು ಬಿಸಿಲಿಗೆ ಬಂದರೆ ಬೇರೆ. ತೋಳಿಗೆ ಹೊರಗಿನಿಂದ ಬಟ್ಟೆ ತಂದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಹಾಗಾದರೆ ಎಲ್ಲಿಂದ ತರುವುದು? ಗೌನಿನ ಹಿಂದೆ ನೆಲದ ಮೇಲೆ ಎಳೆದುಕೊಂಡು ಹೋಗುವ ಬಾಲ ಇದೆಯಲ್ಲ, ಅಲ್ಲಿಂದಲೇ! ನಮ್ಮ ಚರ್ಚಿನ ಅಂಗಳದ ಕೆಂಪು ಮಣ್ಣಿಗೆ ಅಷ್ಟುದ್ದ ಬಾಲ ಹೇಗೂ ಬೇಡ. ಅದನ್ನು ಕತ್ತರಿಸಿದರೆ ಅದೇ ಬಟ್ಟೆ, ಅದೇ ಬಣ್ಣ. ಚಿಕ್ಕ ತೋಳಿಗೆ ಸಾಮಾನ್ಯವಾಗಿ ಸಾಕಾಗುತ್ತದೆ.

ಭುಜವೇ ಇಲ್ಲದ ಗೌನ್ ಆದರೆ ತೋಳು ಅಂಟಿಸಲು ಜಾಗವಿಲ್ಲ. ಆಗ ಕುತ್ತಿಗೆಯಿಂದ ಎದೆಯವರೆಗೆ ನೆಟ್ಟಿನ ಯೋಕ್ ಮಾಡಿ, ಒಳಗೆ ಲೈನಿಂಗ್ ಕೊಟ್ಟು, ತೋಳನ್ನು ಅದಕ್ಕೆ ಹೊಲಿದು, ಆಮೇಲೆ ಗೌನಿನ ಮೇಲಂಚಿಗೆ ಕೈಹೊಲಿಗೆ ಹಾಕಬೇಕು. ಬೆನ್ನಿನ ಜಿಪ್ ಬಿಗಿಯಾದರೆ ಜಿಪ್ ತೆಗೆದು ಎರಡು ಕಡೆ ಬಟ್ಟೆಯ ಕುಣಿಕೆ ಇಟ್ಟು ರಿಬ್ಬನ್ ಹಾಕಿ. ಹಿಂದೆ ಅದೇ ಬಟ್ಟೆಯ ಒಂದು ಪಟ್ಟಿ ಇಡಿ, ಬೆನ್ನು ಕಾಣಬಾರದು. ಬಾಡಿಗೆ ಗೌನಿಗೆ ಮಾತ್ರ ಕತ್ತರಿ ತಾಗಿಸಬೇಡಿ. ಅದಕ್ಕೆ ಬೇರೆಯಾಗಿಯೇ ಲೇಸಿನ ಚಿಕ್ಕ ಜಾಕೆಟ್ ಹೊಲಿದುಬಿಡಿ. ಅಲ್ಲಿ ಬಣ್ಣ ಸ್ವಲ್ಪ ಬೇರೆಯಾದರೂ ನಡೆಯುತ್ತದೆ, ಜಾಕೆಟ್ ಬೇರೆ ಎಂದು ನೋಡುವವರಿಗೆ ಗೊತ್ತಾಗುತ್ತದಲ್ಲ.

ಈಗ ನನ್ನ ತಪ್ಪು ಹೇಳ್ತೇನೆ, ನಗಬೇಡಿ. ಒಂದು ಹುಡುಗಿಯನ್ನು ಬರಿಗಾಲಲ್ಲಿ ನಿಲ್ಲಿಸಿ ಕೆಳಗಿನ ಅಳತೆ ತೆಗೆದೆ. ಕತ್ತರಿಸಿದೆ, ಹೆಮ್ಮಿಂಗ್ ಮಾಡಿದೆ. ಮದುವೆಯ ಹಿಂದಿನ ದಿನ, ಮನೆಯಲ್ಲಿ ರೋಸ್‌ಗೆ ತೆಂಗಿನಕಾಯಿ ತುರಿಯುತ್ತಿರುವಾಗ ಅವಳು ಮೂರಿಂಚಿನ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದಳು. ಗೌನ್ ಮೇಲೇರಿ ಪಾದವೆಲ್ಲ ಕಾಣುತ್ತಿತ್ತು. ಅವಳ ಅಮ್ಮ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಕತ್ತರಿಸಿದ ತುಂಡನ್ನಾದರೂ ಇಟ್ಟುಕೊಂಡಿದ್ದೆನಾ? ಅದನ್ನು ಪಕ್ಕದ ಮನೆ ಮಗುವಿಗೆ ಬೊಂಬೆಗೆ ಕೊಟ್ಟಾಗಿತ್ತು! ರಾತ್ರಿ ಹನ್ನೆರಡರವರೆಗೆ ಕೂತು ಅಗಲ ಲೇಸು ಸುತ್ತಲೂ ಹೊಲಿದೆ. ಚಂದವೇ ಕಂಡಿತು, ಆದರೆ ಆ ಲೇಸಿನ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ.

ಅದರ ನಂತರ, ಮದುವೆಗೆ ಹಾಕುವ ಚಪ್ಪಲಿ ತಾರದೆ ನಾನು ಟೇಪು ಹಿಡಿಯುವುದಿಲ್ಲ. ಬರೀ ನಿಲ್ಲಿಸಿ ನೋಡಿದರೂ ಸಾಲದು. ಕಚ್ಚಾ ಹೊಲಿಗೆ ಹಾಕಿ ಮೊಣಕಾಲೂರಿಸಿ ನೋಡಿ, ಪೂಜೆಯಲ್ಲಿ ಮೊಣಕಾಲೂರಬೇಕಲ್ಲ. ಕೈ ಎತ್ತಿಸಿ ನೋಡಿ, ಕಂಕುಳಲ್ಲಿ ಎಳೆಯುತ್ತಾ? ತಲೆ ಬಗ್ಗಿಸಲು ಹೇಳಿ, ಕರಿಮಣಿ ಕಟ್ಟುವಾಗ ಬೆನ್ನಿನ ಮೇಲೆ ಎಲ್ಲರ ಕಣ್ಣು ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಕಡಿಮೆ ಬಿಸಿ ಇರಲಿ, ಮಧ್ಯೆ ಹತ್ತಿ ಬಟ್ಟೆ ಇಡಿ. ಪಾಲಿಯೆಸ್ಟರ್ ಸ್ಯಾಟಿನ್ ಕರಗಿದರೆ ಅದಕ್ಕೆ ಮದ್ದಿಲ್ಲ. ಇಷ್ಟೆಲ್ಲ ಮಾಡಲು ಮದುವೆಗೆ ಮೂರು ವಾರವಾದರೂ ಮುಂಚೆ ಗೌನ್ ನಮ್ಮ ಕೈಗೆ ಕೊಡಿ. ಮೂರು ದಿನಕ್ಕೆ ತಂದು ಕೊಟ್ಟರೆ ನಾನು ಬೇಡ ಅಂತೇನೆ, ಕೋಪ ಮಾಡ್ಬೇಡಿ.

ಮಾತು ಸಾಕು. ಕಳೆದ ತಿಂಗಳು ತೋಳು ಇಟ್ಟ ಒಂದು ಗೌನ್ ತಂದಿದ್ದೇನೆ, ಆ ಮೇಜಿನ ಮೇಲಿದೆ. ಊಟಕ್ಕೆ ಮುಂಚೆ ಬಂದು ತಿರುಗಿಸಿ ನೋಡಿ, ಊಟ ಮಾಡಿದ ಕೈಯಲ್ಲಿ ಮಾತ್ರ ಬೇಡ.