ಮತ್ತೆ ಚಿಗುರುವ ಕೂದಲು



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ತಲೆಗೂದಲಿನ ಮಾತು ಕೆಲವರಿಗೆ ಅಲ್ಪವೆಂದು ತೋರಬಹುದು. ಆದರೆ ಮಲ್ಲಿಗೆಗೆ ಹೆಸರಾದ ಈ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಜಡೆಯೆಂದರೆ ಏನೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅರ್ಬುದ ರೋಗವೆಂದು ಕೇಳಿದಾಗ ಅಳದ ತಾಯಿಯೂ ದಿಂಬಿನ ಮೇಲೆ ಉದುರಿದ ಕೂದಲನ್ನು ಕಂಡು ಅಳುವುದುಂಟು. ಈ ಭಯದಿಂದಲೇ ಚಿಕಿತ್ಸೆಗೆ ಹಿಂಜರಿಯುವವರೂ ಇದ್ದಾರೆ. ಹಿಂಜರಿಕೆಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಿರುತ್ತದೆ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಅವುಗಳಲ್ಲಿ ಹೆಚ್ಚಿನವು ಸದಾ ಬೆಳೆಯುತ್ತಿರುತ್ತವೆ. ಕೀಮೋಥೆರಪಿಯ ಔಷಧಿಗಳು ಬೇಗನೆ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಪಡಿಸುತ್ತವೆ. ರೋಗದ ಕೋಶ ಯಾವುದು, ಕೂದಲ ಬುಡದ ಕೋಶ ಯಾವುದು ಎಂಬ ಭೇದವನ್ನು ಅವು ಅರಿಯವು. ಆದಕಾರಣ ಚಿಕಿತ್ಸೆ ಆರಂಭವಾದ 2-3 ವಾರಗಳಲ್ಲಿ ಕೂದಲು ಉದುರತೊಡಗುತ್ತದೆ. ಎಲ್ಲ ಔಷಧಿಗಳಿಂದಲೂ ಹೀಗಾಗುವುದಿಲ್ಲ. ವಿಕಿರಣ ಚಿಕಿತ್ಸೆಯಲ್ಲಾದರೋ ಕಿರಣ ತಾಗಿದ ಭಾಗದ ಕೂದಲು ಮಾತ್ರ ಹೋಗುತ್ತದೆ. ಎದೆಗೆ ಕಿರಣ ಕೊಟ್ಟರೆ ತಲೆ ಬೋಳಾಗದು.

ಬೇಸಿಗೆಯಲ್ಲಿ ಗರಿಕೆ ಒಣಗಿದರೂ ಬೇರು ಸಾಯುವುದಿಲ್ಲ. ಹಾಗೆಯೇ ರೋಮಕೂಪದಲ್ಲಿ ನಿಧಾನವಾಗಿ ವಿಭಜನೆಗೊಳ್ಳುವ ಮೂಲಕೋಶಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಚಿಕಿತ್ಸೆ ಮುಗಿದ 1ರಿಂದ 3 ತಿಂಗಳೊಳಗೆ ಮೊದಲು ನಯವಾದ ನವಿರು, ಅನಂತರ ನಿಜವಾದ ಕೂದಲು ಬರುತ್ತದೆ. ಬೆಳವಣಿಗೆ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹೆಗಲು ಮುಟ್ಟಲು ಎರಡು ವರ್ಷಕ್ಕೂ ಮೇಲೆ ಹಿಡಿಯಬಹುದು.

ಬಂದ ಕೂದಲು ಹಳೆಯದರಂತೆಯೇ ಇರಬೇಕೆಂದಿಲ್ಲ. ನೇರವಾಗಿದ್ದದ್ದು ಗುಂಗುರಾಗಬಹುದು, ಒರಟಾಗಿದ್ದದ್ದು ರೇಷ್ಮೆಯಂತಾಗಬಹುದು. ರೋಮಕೂಪದ ಆಕಾರದಿಂದಲೇ ಕೂದಲಿನ ಆಕಾರ; ಪೆಟ್ಟು ತಿಂದ ರೋಮಕೂಪ ಚೇತರಿಸಿಕೊಳ್ಳುವಾಗ ಕೂದಲೂ ಬದಲಾಗುತ್ತದೆ. ಬಣ್ಣ ಕೊಡುವ ಕೋಶಗಳು ತಡವಾಗಿ ಎಚ್ಚತ್ತರೆ ಮೊದಲ ಕೂದಲು ನರೆತಂತೆ ಕಾಣುತ್ತದೆ. ಸಾಮಾನ್ಯವಾಗಿ ಕಾಲಕ್ರಮದಲ್ಲಿ ಹಳೆಯ ಗುಣ ಮರಳುತ್ತದೆ. ಕೆಲವರಲ್ಲಿ ಹೊಸದೇ ನಿಲ್ಲುತ್ತದೆ. ಒಂದು ಮಾತನ್ನು ದಯಮಾಡಿ ನೆನಪಿನಲ್ಲಿಡಿ: ಈ ಬದಲಾವಣೆ ರೋಗ ಮರಳಿದ ಗುರುತಲ್ಲ, ರೋಗ ಗುಣವಾದ ಗುರುತೂ ಅಲ್ಲ. ಅದನ್ನು ತಿಳಿಸುವುದು ವೈದ್ಯರ ತಪಾಸಣೆಯೇ ಹೊರತು ಕನ್ನಡಿಯಲ್ಲ.

ಸತ್ಯವನ್ನು ಮರೆಮಾಚಬಾರದು. ತಲೆಗೆ ಹೆಚ್ಚಿನ ಪ್ರಮಾಣದ ವಿಕಿರಣ ಪಡೆದವರಲ್ಲಿ, ಡೊಸಿಟ್ಯಾಕ್ಸೆಲ್‌ನಂತಹ ಔಷಧಿ ಪಡೆದ ಕೆಲವರಲ್ಲಿ ಕೂದಲು ಪೂರ್ಣವಾಗಿ ಬಾರದಿರಬಹುದು. ಸ್ತನದ ಅರ್ಬುದಕ್ಕೆ ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್ ಮಾತ್ರೆಯಿಂದ ಕೂದಲು ತೆಳುವಾಗುವುದುಂಟು. ಹಾಗಾದಲ್ಲಿ ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಔಷಧಿ ಏರಿಸುವಾಗ ನೆತ್ತಿಯನ್ನು ತಂಪಾಗಿಡುವ ಟೋಪಿಯಿಂದ ಕೆಲವರಿಗೆ ಕೂದಲು ಉಳಿಯುತ್ತದೆ. ರಕ್ತದ ಅರ್ಬುದವುಳ್ಳವರಿಗೆ ಅದು ಸಲ್ಲದು.

ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬುದು ಬರಿಯ ನಂಬಿಕೆ. ದುಬಾರಿ ತೈಲಗಳ ಜಾಹೀರಾತಿಗೆ ಮರುಳಾಗಬೇಡಿ. ಮೃದುವಾದ ಶಾಂಪೂ, ಮೆತ್ತನೆಯ ಬಾಚಣಿಗೆ, ಬಿಸಿಲಿಗೆ ಒಂದು ವಸ್ತ್ರ, ಇಷ್ಟು ಸಾಕು. ಎಳೆಯ ಕೂದಲಿಗೆ ಬಣ್ಣ ಹಚ್ಚುವುದನ್ನೂ ರಾಸಾಯನಿಕಗಳಿಂದ ನೇರಮಾಡಿಸುವುದನ್ನೂ ಕೆಲವು ತಿಂಗಳು ಮುಂದೂಡಿರಿ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಅಂದು ಮೈಸೂರಿನಿಂದ ಅನೇಕ ಕುಟುಂಬಗಳು ಚಿಕಿತ್ಸೆಗಾಗಿ ಅಲ್ಲಿಗೆ ಪಯಣಿಸಬೇಕಾಗುತ್ತಿತ್ತು. ಇಂದು ನಮ್ಮ ನಗರದಲ್ಲಿಯೇ ಅರ್ಬುದಕ್ಕೆ ಚಿಕಿತ್ಸೆಯುಂಟು. ಚಿಕಿತ್ಸೆ ಮುಗಿಸಿ ಬಾಳುತ್ತಿರುವವರು ನಮ್ಮ ನಡುವೆಯೇ ಇದ್ದಾರೆ, ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತಿರುತ್ತಾರೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತ ಅಕ್ಕನನ್ನು ದಿಟ್ಟಿಸಿ ನೋಡುವುದು ಬೇಡ. ಟೋಪಿ ಧರಿಸಿ ಶಾಲೆಗೆ ಮರಳಿದ ಮಗುವನ್ನು ಪ್ರಶ್ನಿಸುವುದೂ ಬೇಡ. ಕೂದಲು ಹೇಗಾಯಿತೆಂದು ಕೇಳುವ ಬದಲು ಊಟ ಸೇರುತ್ತಿದೆಯೇ, ಆಸ್ಪತ್ರೆಗೆ ಜೊತೆಗೆ ಬರಲೇ ಎಂದು ಕೇಳೋಣ. ಕೂದಲು ಬರುವವರೆಗೆ ಮನೆಯಲ್ಲೇ ಅಡಗಿ ಕುಳಿತುಕೊಳ್ಳಬೇಕಾದ ಸ್ಥಿತಿ ನಮ್ಮ ಧರ್ಮಕೇಂದ್ರದಲ್ಲಿ ಯಾರಿಗೂ ಬಾರದಿರಲಿ.